ಅಂಗೈ ಮೇಲಿನ ಸರಸ್ವತಿ

ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ನಮ್ಮ ಶಾಲೆಗೆ ಬಂದದ್ದು 2009ರಲ್ಲಿ. ಆಗ ನಾನು ಇಪ್ಪತ್ತು ವರ್ಷ ಒಂದನೇ ತರಗತಿಯನ್ನೇ ಹಿಡಿದು ಕೂತಿದ್ದ ಟೀಚರು. ಕೂಡ್ಲಿಗಿ ಸೀಮೆಯ ಎರಡು ಕೋಣೆಯ ಶಾಲೆ. ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಗಳು ಐದು ತಟ್ಟೆ ಮುಂದಿಟ್ಟು ವಿವರಿಸಿದರು. ಮೊದಲ ತಟ್ಟೆಯ ಸುತ್ತ ಕೂತವರಿಗೆ ಟೀಚರೇ ಪೂರ್ತಿ ಕಲಿಸಬೇಕು, ಎರಡನೆಯದಕ್ಕೆ ಸ್ವಲ್ಪ ಕೈಹಿಡಿದರೆ ಸಾಕು. ಮೂರು, ನಾಲ್ಕರಲ್ಲಿ ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡುತ್ತದೆ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. "ಇದು ಹೊಸ ಪದ್ಧತಿ, ಹಳೆಯದನ್ನೆಲ್ಲ ಮರೆತುಬಿಡಿ" ಅಂದರು. ನಾನೂ ಹೌದೆಂದುಕೊಂಡು ಮರೆಯಲು ಹೊರಟೆ.

ನಿವೃತ್ತಿಯಾದ ಮೇಲೆ ತಂಗಿಯ ಮಗ ಒಂದು ಪುಸ್ತಕ ತಂದುಕೊಟ್ಟ. ಧರಂಪಾಲ್ ಅವರ 'ದಿ ಬ್ಯೂಟಿಫುಲ್ ಟ್ರೀ', 1983ರದ್ದು. ಬ್ರಿಟಿಷ್ ಕಲೆಕ್ಟರುಗಳು ಊರೂರಿನ ಶಾಲೆಗಳ ಲೆಕ್ಕ ಬರೆದು ಕಳಿಸಿದ ಪತ್ರಗಳು ಅದರಲ್ಲಿವೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಈ ಲೆಕ್ಕ ಕೇಳಿದ್ದ. ನಮ್ಮ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ತೆಲುಗಿಗೆ ವ್ಯಾಕರಣ ಬರೆದ ಮನುಷ್ಯ. ಹಾಗಾಗಿ ಬರೀ ಅಂಕಿ ಬರೆದು ಕೈತೊಳೆದುಕೊಳ್ಳಲಿಲ್ಲ, ಶಾಲೆಯ ಒಳಗೆ ಬೆಳಗಾಗುತ್ತಲೇ ಏನು ನಡೆಯುತ್ತದೆ ಎಂಬುದನ್ನೂ ಬರೆದ.

ಆರು ಗಂಟೆಗೆಲ್ಲ ಶಾಲೆ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹಿಂದೆ ಬಂದಂತೆಲ್ಲ ಒಂದೊಂದು ಹೆಚ್ಚು. ಇಪ್ಪತ್ತನೆಯವನ ಗತಿ ಲೆಕ್ಕ ಹಾಕಿಕೊಳ್ಳಿ. ಹಾಜರಿ, ಗಣಿತ, ಶಿಕ್ಷೆ ಮೂರೂ ಒಂದೇ ಬೆತ್ತದಲ್ಲಿ!

ಐದನೇ ವರ್ಷಕ್ಕೆ ಅಕ್ಷರಾಭ್ಯಾಸ. ಗಣೇಶನ ಮುಂದೆ ಕೂರಿಸಿ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸುವುದು. ಇದು ನಮ್ಮ ಮನೆಗಳಲ್ಲಿ ಇವತ್ತಿಗೂ ಇದೆ. ಮರುದಿನದಿಂದ ಮರಳು. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಅಂದರೆ ಒಂದಡಿ ಅಗಲ, ಮೂರಡಿ ಉದ್ದದ ನುಣ್ಣನೆ ಮರ. ಅದಕ್ಕೆ ಅನ್ನ, ಇದ್ದಿಲ ಪುಡಿ ಸವರಬೇಕು. ಕಡತ ಅಂದರೆ ಗಂಜಿ ಹಾಕಿ ಗಟ್ಟಿ ಮಾಡಿ ಪುಸ್ತಕದಂತೆ ಮಡಚಿದ ಬಟ್ಟೆ. ಮೇಲೆ ಇದ್ದಿಲು, ಅಂಟುಗಳ ಲೇಪ. ಎರಡರ ಮೇಲೂ ಬರೆಯುವುದು ಬಳಪದಲ್ಲಿ. ಬರೆದದ್ದು ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಇದನ್ನು ಓದುವಾಗ ಮೂಗಿಗೆ ಇದ್ದಿಲ ವಾಸನೆ ಬಂತು. ಅರವತ್ತರ ದಶಕದಲ್ಲಿ ನಾನು ಶಾಲೆಗೆ ಹೋಗುವಾಗ ಶನಿವಾರ ನಮ್ಮ ಕೆಲಸ ಅದೇ ಆಗಿತ್ತು. ಬೇಲಿಯಲ್ಲಿನ ತೊಂಡೆ ಸೊಪ್ಪು ಕಿತ್ತು ತಂದು, ಇದ್ದಿಲ ಜೊತೆ ಅರೆದು ಬೋರ್ಡಿಗೆ ತಿಕ್ಕುವುದು. ಉಳಿದದ್ದು ನಮ್ಮ ಸ್ಲೇಟಿಗೆ. ಬಳಪ ತಿನ್ನುವ ಚಟವೂ ಇತ್ತು, ಸುಳ್ಳೇಕೆ ಹೇಳಲಿ. ಮುಂದೆ ನಾನು ಟೀಚರಾದಾಗ "ಟೀಚರ್, ಇವ್ನು ಬಳಪ ತಿಂತಾನ" ಎಂಬ ದೂರು ವಾರಕ್ಕೊಂದು ಬರುತ್ತಿತ್ತು. ಬೈಯಲು ಬಾಯಿ ಬರುತ್ತಿರಲಿಲ್ಲ.

ಕ್ಯಾಂಪ್‌ಬೆಲ್‌ಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಎರಡು: ಬರೆಯುವುದನ್ನು ಕಲಿಸಲು ತಗಲುವ ಖರ್ಚು ಬಹಳ ಕಡಿಮೆ, ಮುಂದಿರುವ ಹುಡುಗ ಹಿಂದಿರುವವನಿಗೆ ಕಲಿಸುತ್ತ ತನ್ನ ಪಾಠವನ್ನೂ ಗಟ್ಟಿ ಮಾಡಿಕೊಳ್ಳುತ್ತಾನೆ. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯೇ ಎಂದೂ ಬರೆದ. ಅದಕ್ಕೊಂದು ಹಿನ್ನೆಲೆ ಇದೆ. ಮದ್ರಾಸಿನ ಎಗ್ಮೋರಿನ ಅನಾಥಾಲಯದ ಶಾಲೆ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಊರ ಮಕ್ಕಳು ಮರಳಲ್ಲಿ ಅಕ್ಷರ ತಿದ್ದುವುದನ್ನು ಕಂಡ. ಅದನ್ನು ತನ್ನಲ್ಲೂ ತಂದು, ದೊಡ್ಡ ಹುಡುಗರ ಕೈಲಿ ಸಣ್ಣವರಿಗೆ ಪಾಠ ಹೇಳಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಅಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು.

ಹಾಗಾದರೆ ನನ್ನ ಮೂರನೇ ತಟ್ಟೆ? ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ರೂಪುಗೊಂಡ ಮಾದರಿಯನ್ನು ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಹೋಗಿ ನೋಡಿ ಬಂದು, 1995ರಲ್ಲಿ ಯುನಿಸೆಫ್ ನೆರವಿನಿಂದ ತಮ್ಮ ತಾಲ್ಲೂಕಿನಲ್ಲಿ ನಲಿ-ಕಲಿ ಶುರು ಮಾಡಿದರು. ಅದು ಬಳ್ಳಾರಿ ಸೀಮೆಗೆ ಬಂದಾಗ ನಾವು ಹೊಸ ನೆಂಟರಂತೆ ಉಪಚರಿಸಿದೆವು. ನಮ್ಮ ಐಗಳ ಮಠದಲ್ಲಿ, ಅಂದರೆ ಹಿಂದಿನ ಊರ ಶಾಲೆಯಲ್ಲಿ, ಇದ್ದ ಪದ್ಧತಿ ಇದು ಎಂದು ಆ ದಿನ ಯಾರಾದರೂ ಹೇಳಿದ್ದರೆ ನನ್ನ ಅರ್ಧ ಹೆದರಿಕೆ ಹೋಗುತ್ತಿತ್ತು.

ಆದರೆ ಹಳೆಯದೆಲ್ಲ ಚಿನ್ನ ಅನ್ನುವವಳು ನಾನಲ್ಲ. ಅದೇ ಕ್ಯಾಂಪ್‌ಬೆಲ್ ಬರೆಯುತ್ತಾನೆ: ಈ ಹುಡುಗರು ಪದ್ಯದ ಮೇಲೆ ಪದ್ಯ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಣಿಗೆ ಗೊತ್ತಿದ್ದಷ್ಟೇ. ನನ್ನ ಒಂದನೇ ತರಗತಿಯೂ ಹಾಗೇ ಇತ್ತು. ಅ ಆ ಇ ಈ ಇಂದ ಳ ವರೆಗೆ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಒಂದು ಪದ ಓದುವ ಹೊತ್ತಿಗೆ ವರ್ಷ ಮುಗಿದಿರುತ್ತಿತ್ತು. ಐಗಳ ಮಠದಲ್ಲಿ ಇಲ್ಲದ್ದು, ನಲಿ-ಕಲಿ ಕೊಟ್ಟದ್ದು ಇಲ್ಲಿದೆ. ಮೊದಲು ಕಲಿಸುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ ಎಲ್ಲ ಎದ್ದು ಕೂರುತ್ತವೆ. ನನ್ನಲ್ಲೊಬ್ಬ ಬಡಿಗರ ಹುಡುಗನಿದ್ದ, ಬಾಯಿ ಬಿಡದವನು. ನಲಿ-ಕಲಿಯ ಪಾಠದ ಕಾರ್ಡಿನಲ್ಲಿ 'ಗರಗಸ' ಅಂತ ಕೂಡಿಸಿ ಓದಿದ್ದೇ ತಡ, "ಇದು ನಮ್ಮನ್ಯಾಗ ಐತಿ" ಎಂದು ಕೂಗಿದ. ಸಂಜೆ ಅವರಪ್ಪನ ಗರಗಸದ ಹಿಡಿಯ ಮೇಲೆ ಬಳಪದಲ್ಲಿ ನಾಲ್ಕಕ್ಷರ ಇದ್ದವಂತೆ.

ನಲಿ-ಕಲಿಯಲ್ಲಿ ಬೇಸರವೂ ಇತ್ತು. ಕಾರ್ಡು ಹರಿದರೆ ಬದಲು ಬರುತ್ತಿರಲಿಲ್ಲ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಟೀಚರು ಒಬ್ಬಳೇ. ಪ್ರಗತಿ ನೋಟ ತುಂಬುವುದರಲ್ಲೇ ಕೈ ಸೋಲುತ್ತಿತ್ತು. ತಲೆಯ ಮೇಲೆ ಹಗ್ಗದ ಚಪ್ಪರದಲ್ಲಿ ಮಕ್ಕಳ ಚಿತ್ರಗಳು ಗಾಳಿಗೆ ಹಾರಾಡುತ್ತಿದ್ದುದೊಂದೇ ಕಣ್ಣಿಗೆ ಹಿತ.

1823ರ ಆ ಪತ್ರದ ಅಂಕಿಗಳನ್ನೂ ಹೇಳಿಬಿಡುತ್ತೇನೆ. ಆಗಿನ ದೊಡ್ಡ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಅವರಲ್ಲಿ ಹೆಣ್ಣುಮಕ್ಕಳು 60. ನಾನು ನಿವೃತ್ತಳಾದ ವರ್ಷ ನನ್ನ ಕೋಣೆಯೊಂದರಲ್ಲೇ ಹದಿನೇಳು ಹುಡುಗಿಯರಿದ್ದರು. ಅವರ ಸಾಲಿನಲ್ಲಿ ನಿಂತೇ ಈ ಪತ್ರ ಓದಿದವಳು ನಾನು, ಅದಕ್ಕೇ ಹಳೆಯ ಕಾಲ ವಾಪಸು ಬರಲಿ ಅನಿಸುವುದಿಲ್ಲ.

ಆದರೂ ಆ ಕಡತವೊಂದನ್ನು ಕೈಯಲ್ಲಿ ಹಿಡಿದು ನೋಡುವ ಆಸೆ. ಈಗ ಕಡತ ಅಂದರೆ ತಾಲ್ಲೂಕು ಕಚೇರಿಯ ಮೇಜಿನಿಂದ ಮೇಜಿಗೆ ಅಲೆಯುವ ಫೈಲು. ನಿಮ್ಮ ಅಟ್ಟದ ಮೇಲೆ, ಅಜ್ಜನ ಪೆಟ್ಟಿಗೆಯಲ್ಲಿ, ಮಡಚಿದ ಕಪ್ಪು ಬಟ್ಟೆಯ ಪುಸ್ತಕ ಸಿಕ್ಕರೆ ದಯವಿಟ್ಟು ಹಳೇ ಬಟ್ಟೆ ಎಂದು ಎಸೆಯಬೇಡಿ. ಧೂಳಿದ್ದರೆ ಒಣ ಬ್ರಶ್ಶಿನಿಂದ ಮೆಲ್ಲಗೆ ಜಾಡಿಸಿ. ಒದ್ದೆ ಬಟ್ಟೆ ಮಾತ್ರ ತಾಗಿಸಬೇಡಿ.