ವರ್ಗದ ಹಾಳೆ

ದಕ್ಷಿಣ ಕನ್ನಡದ ಹಳೆಯ ಕಾಗದಪತ್ರಗಳನ್ನು ತಿರುವಿ ಹಾಕಿದವರಿಗೆ ‘ವರ್ಗ’ವೆಂಬ ಮಾತು ಹೊಸದಲ್ಲ. ಇಂಥವರ ವರ್ಗ, ಇಂಥ ನಂಬ್ರದ ವರ್ಗ, ವರ್ಗದಾರ, ಹೀಗೆ ಪುಟಪುಟಕ್ಕೂ ಅದು ಎದುರಾಗುತ್ತದೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಇದು ಸಂಸ್ಕೃತದ ವರ್ಗವೇ ಎಂದು ಬಹುಕಾಲ ನಂಬಿದ್ದೆ. ಕವರ್ಗ ಚವರ್ಗಗಳ ದಾಯಾದಿಯೆಂದು ವಿದ್ಯಾರ್ಥಿಗಳಿಗೆ ಹೇಳಿದ್ದೂ ಉಂಟು. ಅದು ತಪ್ಪು. ಸ್ಟರಾಕ್ ಎಂಬ ಅಧಿಕಾರಿ ಬರೆದು 1894ರಲ್ಲಿ ಅಚ್ಚಾದ ಜಿಲ್ಲೆಯ ಕೈಪಿಡಿಯಂತೆ ಇದು ಅರಬ್ಬಿಯ ಮಾತು, ಅರ್ಥ ‘ಹಾಳೆ’. ಶಾನುಭೋಗನ ಪುಸ್ತಕದಲ್ಲಿ ಒಬ್ಬೊಬ್ಬ ಹಿಡುವಳಿದಾರನಿಗೆ ಒಂದೊಂದು ಹಾಳೆ ಇರುತ್ತಿದ್ದಿತು. ಆ ಹಾಳೆಯ ಹೆಸರು ಬರಬರುತ್ತ ಗದ್ದೆಗೇ ಅಂಟಿಕೊಂಡಿತು. ನೆಲವನ್ನು ನೋಡಿ ಕಾಗದ ಬರೆದರೆಂದು ನಾವು ಭಾವಿಸುತ್ತೇವೆ. ಇಲ್ಲಿ ಕಾಗದವೇ ನೆಲಕ್ಕೆ ಹೆಸರಿಟ್ಟಿದೆ.

ಒಂದು ದೊಡ್ಡ ಸಂಸ್ಥೆ ತನ್ನ ತಿಳಿವಳಿಕೆಯನ್ನೆಲ್ಲ ಕಂಪ್ಯೂಟರಿಗೆ ಏರಿಸಿ ನಡೆಸುವುದಕ್ಕೆ ಇಂದು ‘ಮಾಹಿತಿ ವ್ಯವಸ್ಥೆ’ ಎನ್ನುತ್ತಾರೆ. ಅದು ಯಂತ್ರ ಕೊಳ್ಳುವ ಕೆಲಸವೆಂದು ಅನೇಕರ ಎಣಿಕೆ. ಕರ್ನಾಟಕದ ಕಂದಾಯ ಇಲಾಖೆ ಈ ಕೆಲಸಕ್ಕೆ ಕೈಹಾಕಿ ‘ಭೂಮಿ’ ಎಂದು ಹೆಸರಿಟ್ಟು ನಡೆಸಿದ ಕಥೆಯನ್ನು ನೋಡಿದರೆ, ಯಂತ್ರ ಅದರಲ್ಲಿ ಚಿಕ್ಕ ಪಾತ್ರವೆಂದು ತಿಳಿಯುತ್ತದೆ. ಆದರೆ ಕಥೆಯನ್ನು ಹಾಳೆಯಿಂದಲೇ ಆರಂಭಿಸಬೇಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ವಾಮದಪದವಿಗೆ ಒಮ್ಮೆ ಬನ್ನಿ. ‘ಪದವು’ ಎಂದರೆ ಮುರಕಲ್ಲಿನ ಎತ್ತರದ ಬಯಲು. ಅಲ್ಲಿಂದ ಇಳಿದರೆ ಗದ್ದೆಗಳು. ತೋಡಿನ ಬದಿಯ ನೀರಿನ ಗದ್ದೆ ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆಯನ್ನೇ ನಂಬಿ ಒಂದೇ ಬೆಳೆ ಕೊಡುವುದು ಬೆಟ್ಟು. ಈ ಗದ್ದೆಗಳ ಮೇಲ್ಭಾಗದಲ್ಲಿ ನೂರು ಗಜದೊಳಗಿನ ಗುಡ್ಡೆಯಿಂದ ಸೊಪ್ಪು ಸೌದೆ ತರುವ ಹಕ್ಕು ವರ್ಗದಾರನದು, ಅದೇ ಕುಮ್ಕಿ. ಇಷ್ಟು ಸಣ್ಣ ಜಾಗದಲ್ಲಿ ನೆಲ ಇಷ್ಟು ಬಗೆಯಾಗಿರುವಾಗ ಅದನ್ನು ಒಂದು ನಮೂನೆಯ ಕಾಲಂಗಳಲ್ಲಿ ಕೂಡಿಸುವುದು ಹೇಗೆ? ಈ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು.

ಹಿಂದಿನವರು ಅದಕ್ಕೆ ಕಡತದಲ್ಲಿ ಉತ್ತರ ಹುಡುಕಿದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲು ಬರುತ್ತಿದ್ದಿತು ಎಂಬುದು ಅದರ ಗುಣ, ದೋಷವೂ ಅದೇ. ಘಟ್ಟದ ಮೇಲೆ ಕೆಳದಿಯ ಶಿವಪ್ಪನಾಯಕನು ‘ಶಿಸ್ತು’ ಗೊತ್ತುಮಾಡುವಾಗ ಪ್ರತಿ ಹಳ್ಳಿಯಲ್ಲಿಯೂ ಒಂದೊಂದು ಬಗೆಯ ಗದ್ದೆಯನ್ನು ಹನ್ನೆರಡು ವರ್ಷ ತಾನೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಖರ್ಚೆಷ್ಟು, ಫಲವೆಷ್ಟು ಎಂದು ಬರೆಯಿಸಿದನೆಂದು ಪ್ರತೀತಿಯಿದೆ. ಹನ್ನೆರಡು ವರ್ಷ! ಇಂದಿನ ಯಾವ ಯೋಜನೆಗೂ ಅಷ್ಟು ತಾಳ್ಮೆಯಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಮೊದಲು ಹುಡುಕಿದ್ದೂ ಶಾನುಭೋಗರ ಈ ಹಳೆಯ ಲೆಕ್ಕಗಳನ್ನೇ. ವಿಜಯನಗರದ ಕಾಲದ ‘ರೇಖೆ’ಯಿಂದ ಟಿಪ್ಪುವಿನ ಕಾಲದವರೆಗಿನ ತೆರಿಗೆಯ ಕಥೆಯನ್ನು ಅವನು ಅವುಗಳಿಂದಲೇ ಹೆಣೆದು 1800ರಲ್ಲಿ ಮದರಾಸಿಗೆ ವರದಿ ಕಳುಹಿಸಿದನು. ಹೊಸ ಸರ್ಕಾರ ಬಂದಿತು. ಪುಸ್ತಕ ಮಾತ್ರ ಶಾನುಭೋಗನ ಮನೆಯ ಪೆಟ್ಟಿಗೆಯಲ್ಲಿಯೇ ಉಳಿಯಿತು.

ಆ ಪೆಟ್ಟಿಗೆಯ ಕಥೆಯೇ ಮುಂದಿನ ಒಂದೂವರೆ ಶತಮಾನದ ಕಥೆ. ಸರ್ವೆ ಬಂದಿತು, ನಂಬ್ರಗಳು ಬಂದವು. ಬರೆಯುವ ಕೈ ಬದಲಾಗಲಿಲ್ಲ. 1956ರಲ್ಲಿ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಕೊನೆಗೊಂಡು ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆ ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ಕೂಡಿಸಿತು. ಅದನ್ನೇ ಘಟ್ಟದ ಮೇಲಿನವರು ಪಹಣಿ ಎನ್ನುತ್ತಾರೆ, ನಮ್ಮವರು ಆರ್‌ಟಿಸಿ ಎನ್ನುತ್ತಾರೆ. ಸುಳ್ಳೆಂದು ತೋರಿಸುವವರೆಗೆ ಅದರಲ್ಲಿ ಬರೆದದ್ದೇ ನಿಜ ಎಂದು ಆ ಕಾಯ್ದೆಯ 133ನೆಯ ಕಲಂ ಹೇಳುತ್ತದೆ.

ಈ ಒಂದು ವಾಕ್ಯದ ತೂಕ ಕರಾವಳಿಗೆ ತಿಳಿದದ್ದು ಹತ್ತು ವರ್ಷಗಳ ಬಳಿಕ. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣೆಯ ಕಾಯ್ದೆಯಂತೆ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರ್ಕಾರದ್ದಾಯಿತು. ಒಕ್ಕಲು 7ನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕಾಯಿತು. ನ್ಯಾಯಮಂಡಳಿಯ ಮುಂದೆ ನಿಂತವನಿಗೆ ಬಂದ ಪ್ರಶ್ನೆ ಒಂದೇ: ಹಾಳೆಯಲ್ಲಿ ನಿನ್ನ ಹೆಸರಿದೆಯೆ? ಬಾಯಿಮಾತಿನ ಚಾಲಗೇಣಿಯಲ್ಲಿ ಉಳುತ್ತಿದ್ದವನಿಗೆ ಹೆಸರು ಎಲ್ಲಿಂದ ಬರಬೇಕು? ಹೆಸರಿದ್ದವನು ಮಂಡಳಿಯಿಂದ ಸುಲಭವಾಗಿ ಹೊರಬಂದ. ಇಲ್ಲದವನು ಗೇಣಿಯ ರಶೀದಿಯನ್ನೋ ನೆರೆಯವನ ಸಾಕ್ಷಿಯನ್ನೋ ಹುಡುಕಿಕೊಂಡು ಅಲೆದ.

ಇಷ್ಟು ಬೆಲೆಯುಳ್ಳ ಹಾಳೆಗಳು ರಾಜ್ಯದಲ್ಲಿ ಸುಮಾರು ಎರಡು ಕೋಟಿ. ಅವುಗಳನ್ನು ಇಟ್ಟುಕೊಂಡಿದ್ದವರು ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರು. ಒಂದೊಂದು ಪುಸ್ತಕವೂ ಒಬ್ಬೊಬ್ಬನ ವಶದಲ್ಲಿ. ರೈತನಿಗೆ ಬೆಳೆಸಾಲ ಬೇಕಾದರೆ, ಜಾಮೀನು ನಿಲ್ಲಬೇಕಾದರೆ, ಆ ಒಬ್ಬನು ಸಿಕ್ಕಬೇಕು. ಸಿಕ್ಕ ಮೇಲೆ ಒಲಿಯಬೇಕು. ಒಲಿಸುವ ಬಗೆಯನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಎಲ್ಲರೂ ಹಾಗೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ತೋಡು ದಾಟಿ ಹೋಗಿ ಗದ್ದೆ ನೋಡಿ ಬೆಳೆ ಬರೆದುಕೊಂಡವರನ್ನೂ ಬಲ್ಲೆ.

ಯಂತ್ರ ಬಂದದ್ದು ‘ಭೂಮಿ’ಯೊಂದಿಗೇ ಅಲ್ಲ. 1991ರಲ್ಲಿಯೇ ಗುಲ್ಬರ್ಗಾದಲ್ಲಿ ಒಂದು ಪ್ರಯೋಗ ನಡೆದಿತ್ತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಅದು ಫಲಿಸಲಿಲ್ಲ. ಕಾರಣ ಬಹಳ ಸರಳ: ಪುಸ್ತಕ ತಿದ್ದುವ ಕೆಲಸ ತಾಲೂಕಿನಲ್ಲಿ, ತಾಲೂಕಿಗೆ ಯಂತ್ರವೇ ಇರಲಿಲ್ಲ. ಕಂಪ್ಯೂಟರಿಗೆ ಏರಿಸಿದ ಲೆಕ್ಕ ಏರಿಸಿದ ದಿನಕ್ಕೇ ನಿಂತಿತು. ಹೊರಗೆ ಅಣ್ಣತಮ್ಮಂದಿರು ಪಾಲಾದರು, ಗದ್ದೆ ಮಾರಾಟವಾಯಿತು, ಯಜಮಾನರು ತೀರಿಕೊಂಡರು; ಇವೆಲ್ಲ ಕೈಬರಹದ ಪುಸ್ತಕಕ್ಕೆ ಮಾತ್ರ ತಿಳಿದವು. ಕಾನೂನು ಒಪ್ಪುತ್ತಿದ್ದುದೂ ಕೈಬರಹವನ್ನೇ.

ಎಸ್. ಎಂ. ಕೃಷ್ಣ ಅವರ ಸರ್ಕಾರದ ಕಾಲದಲ್ಲಿ ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಎಂಬ ಅಧಿಕಾರಿ ಈ ಕೆಲಸ ಹೊತ್ತರು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ತಂತ್ರಾಂಶ ಬರೆದುಕೊಟ್ಟರು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲ ಪ್ರಯೋಗ. ಪುಸ್ತಕಗಳನ್ನು ಅಕ್ಷರಜೋಡಣೆ ಮಾಡಿ ಮುದ್ರಿಸಿ, ಅದೇ ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು, ಮೂಲದೊಡನೆ ತಾಳೆ ನೋಡಿ ಸಹಿ ಹಾಕಿರೆಂದರು. ತಮ್ಮ ಅಧಿಕಾರವನ್ನು ಕಿತ್ತುಕೊಳ್ಳುವ ಕಾಗದಕ್ಕೆ ತಾವೇ ಸಹಿ ಹಾಕಬೇಕಾದ ಆ ಮನುಷ್ಯರ ಮನಸ್ಸು ಹೇಗಿದ್ದಿರಬೇಕೆಂದು ಎಷ್ಟೋ ಸಲ ಯೋಚಿಸಿದ್ದೇನೆ. ತಾಳೆ ನೋಡುವಾಗ ಹೊರಬಿದ್ದದ್ದೇನೆಂದರೆ, ಹಳೆಯ ಪುಸ್ತಕಗಳಲ್ಲಿಯೇ ಲೆಕ್ಕ ಕೂಡುತ್ತಿರಲಿಲ್ಲ.

ತಾಲೂಕು ಕಚೇರಿಯಲ್ಲಿ ಬೆರಳ ಗುರುತು ಕೊಡದೆ ಯಂತ್ರ ಮುಟ್ಟುವಂತಿಲ್ಲವಾಯಿತು. ಯಾರು ಯಾವಾಗ ತಿದ್ದಿದರೆಂಬುದು ಉಳಿಯುವಂತಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಎತ್ತಿಕೊಳ್ಳಬೇಕಾಯಿತು. ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಹಾಳೆ ಸಿಕ್ಕಿತು. ಇವೆಲ್ಲ ಮುಖ್ಯವೇ. ಆದರೆ ನನ್ನ ಮಟ್ಟಿಗೆ ‘ಭೂಮಿ’ಯ ಬೆನ್ನೆಲುಬು ಇನ್ನೊಂದು. ತಾಲೂಕಿನಲ್ಲಿ ಯಂತ್ರ ನಡೆಯಲಾರಂಭಿಸಿದ ದಿನದಿಂದ ಅಲ್ಲಿ ಕೈಬರಹದ ಪಹಣಿ ಸಲ್ಲುವುದಿಲ್ಲವೆಂದು ಸರ್ಕಾರ ಸಾರಿತು. ಎರಡು ಪುಸ್ತಕಗಳು ಒಟ್ಟಿಗೆ ಬದುಕಲಾರವು. ಯಾವುದಕ್ಕೆ ಕಾನೂನಿನ ಬಲವೋ ಅದು ಉಳಿಯುತ್ತದೆ. 1991ರಲ್ಲಿ ಇಲ್ಲದ ಧೈರ್ಯ ಇದು. 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲೂಕುಗಳಲ್ಲಿಯೂ ‘ಭೂಮಿ’ ನಡೆಯುತ್ತಿದ್ದಿತು. ವಾಮದಪದವಿನವರು ಬಿ.ಸಿ. ರೋಡಿಗೆ ಬಸ್ಸು ಹತ್ತಿ ಹೋಗಿ ಹಾಳೆ ತಂದರು.

ಅಂದಮೇಲೆ ದೂರುವುದಕ್ಕೆ ಏನೂ ಇಲ್ಲವೆ? ಇದೆ. ಯಂತ್ರ ಹಳೆಯ ತಪ್ಪನ್ನು ತಿದ್ದಲಿಲ್ಲ, ಗಟ್ಟಿಮಾಡಿತು. ನಮ್ಮ ಮನೆಯ ಹಾಳೆಯಲ್ಲಿ ಅಜ್ಜನ ಹೆಸರಿನ ಒಂದು ಅಕ್ಷರ ಕಳೆದುಹೋಗಿತ್ತು. ಕೈಬರಹದ ಕಾಲದಲ್ಲಾದರೆ ಶಾಯಿ ಮಾಸಿದೆಯೆಂದು ಬಿಡುತ್ತಿದ್ದರು. ಮುದ್ರಿತವಾದ ಮೇಲೆ ಅವರು ಬೇರೆಯೇ ಮನುಷ್ಯರಾದರು. ಒಂದು ಕಚೇರಿಯ ಮೆಟ್ಟಿಲನ್ನು ಎರಡು ಮಳೆಗಾಲ ಹತ್ತಿ ಇಳಿದು ಅಜ್ಜನನ್ನು ಮರಳಿ ಪಡೆದೆವು. ಹಾಳೆಯ 3ನೆಯ ಕಾಲಂನ ವಿಸ್ತೀರ್ಣವೂ 9ನೆಯ ಕಾಲಂನ ಮಾಲೀಕರ ಹೆಸರಿನ ಮುಂದಿನ ವಿಸ್ತೀರ್ಣವೂ ಕೂಡದ ಪಹಣಿಗಳು ಎಷ್ಟೋ. ಕೂಡದಿದ್ದರೆ ಮುಂದಿನ ಕೆಲಸ ನಿಂತಿತು. ಹಳೆಯ ಶಾನುಭೋಗ ನಕ್ಕು ದಾಟಿಸುತ್ತಿದ್ದುದನ್ನು ಯಂತ್ರ ದಾಟಿಸುವುದಿಲ್ಲ. ಅದು ಅದರ ಪ್ರಾಮಾಣಿಕತೆಯೂ ಹೌದು, ಮೊಂಡುತನವೂ ಹೌದು.

ರಾಜ್ಯಕ್ಕೆಲ್ಲ ಒಂದೇ ನಮೂನೆಯಾದುದರಿಂದ ಕರಾವಳಿಯ ವಿಶೇಷಗಳು ಅಂಚಿಗೆ ಸರಿದವು. ಹೆಸರಿನ ಜೊತೆಗೆ ‘ಬಿನ್’ ಎಂದು ತಂದೆಯ, ‘ಕೋಂ’ ಎಂದು ಗಂಡನ ಹೆಸರು ಬರೆಯುವುದು ವಾಡಿಕೆ. ತಾಯಿಯಿಂದ ಆಸ್ತಿ ಇಳಿದು ಬರುವ ಅಳಿಯಸಂತಾನದ ಮನೆಗಳಲ್ಲಿ ಆ ತಂದೆಗೂ ಆ ಗದ್ದೆಗೂ ಸಂಬಂಧವೇ ಇರಲಿಲ್ಲ! ಕುಮ್ಕಿಯ ಗುಡ್ಡೆಯಲ್ಲಿ ಗೇರುಮರ ಹಾಕಿ ಮೂರು ತಲೆಮಾರಾದವನ ಮಟ್ಟಿಗೆ ಅದು ತನ್ನದು. ಹಾಳೆಯ ಮಟ್ಟಿಗೆ ಸರ್ಕಾರದ್ದು. ತೀರಿಹೋದವರ ಹೆಸರಿನಲ್ಲಿಯೇ ಉಳಿದ ಹಾಳೆಗಳಂತೂ ಊರೂರಿನಲ್ಲಿವೆ. ಪೌತಿ ಖಾತೆ ಮಾಡಿಸಿಕೊಳ್ಳಿರೆಂದು ಸರ್ಕಾರ ಇಂದಿಗೂ ಮನೆಬಾಗಿಲಿಗೆ ಬರುತ್ತಿದೆ.

2024ರಿಂದ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಎಂಬ ಇನ್ನೊಂದು ಕೆಲಸ ಹಿಡಿದಿದೆ. ತಾಲೂಕು ಕಚೇರಿಗಳ ದಾಖಲೆಯ ಕೋಣೆಗಳಲ್ಲಿ ಗೆದ್ದಲಿಗೆ ಹೆದರುತ್ತ ಕುಳಿತ ಹಳೆಯ ಪುಸ್ತಕಗಳನ್ನು ಹಾಳೆಹಾಳೆಯಾಗಿ ಯಂತ್ರದ ಕಣ್ಣಿಗೆ ಒಡ್ಡಿ ಚಿತ್ರ ತೆಗೆದಿಡುತ್ತಿದ್ದಾರೆ. ಪಾಲುಪಟ್ಟಿಯ, ಹಕ್ಕಿನ ತಕರಾರು ಬಂದಾಗ ‘ಭೂಮಿ’ಯ ಹಾಳೆ ಸಾಲದೆ ಜನ ಆ ಕೋಣೆಯ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದರು. ಈಗ ಶಾನುಭೋಗರ ಕೈಬರಹವೇ ಚಿತ್ರವಾಗಿ ತೆರೆಯ ಮೇಲೆ ಬರುತ್ತಿದೆ. ಅದನ್ನು ಓದಬಲ್ಲವರು ಕಡಮೆಯಾಗಿದ್ದಾರೆ. ಮೊನ್ನೆ ನನ್ನ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಅಂಥದೊಂದು ಹಾಳೆಯನ್ನು ತಂದು ಮುಂದೆ ಹಿಡಿದು, “ಸಾರ್, ಇದರಲ್ಲಿ ನಮ್ಮ ಅಜ್ಜಿಯ ಹೆಸರು ಉಂಟಾ ನೋಡಿ” ಎಂದ. ಕನ್ನಡಕ ಒರೆಸಿಕೊಂಡು ಆ ಮೋಡಿ ಅಕ್ಷರದ ಸಾಲುಗಳಲ್ಲಿ ಹುಡುಕಿದೆ. ಹೆಸರು ಉಂಟು, ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ; ಪಕ್ಕದಲ್ಲಿ ‘ವರ್ಗ’ ಎಂದಿತ್ತು.