ಸಂಕೋಲೆಯಿಲ್ಲದ ಸೆರೆ

ಸೆರೆಯನ್ನು ಕಲಾವಿದ ತೋರಿಸುವುದು ಹೇಗೆ? ಪೋಪ್ ಎರಡನೆಯ ಜೂಲಿಯಸ್‌ನ ಸಮಾಧಿಗೆಂದು ಮೈಕೆಲೆಂಜೆಲೊ ಕಡೆದ ‘ಸಾಯುತ್ತಿರುವ ಗುಲಾಮ’ ಬಹುಪಾಲು ಬೆತ್ತಲೆ. ಎದೆಗೆ ಅಡ್ಡಲಾಗಿ ಒಂದು ಪಟ್ಟಿಯಿದೆ. ಅಲ್ಲಿ ಮೈಯೇ ಸೆರೆಯ ಕಥೆ ಹೇಳುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಆ ಕೆಲಸವನ್ನು ಉಡುಪು ಮಾಡುತ್ತದೆ ಎಂದು ನನಗನ್ನಿಸುತ್ತದೆ.

1780ರ ಪೊಲ್ಲಿಲೂರು ಕದನದ ಚಿತ್ರವದು. ಹೈದರ್, ಟಿಪ್ಪು ಆನೆಯ ಮೇಲಿದ್ದಾರೆ. ಕೆಂಪಂಗಿಯ ಕಂಪನಿ ಸೈನಿಕರ ನಡುವೆ ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತ ಕುಳಿತಿದ್ದಾನೆ. ಪರ್ಷಿಯನ್ ಚಿತ್ರಗಳಲ್ಲಿ ಬಾಯಿಗಿಟ್ಟ ಬೆರಳು ದಿಗ್ಭ್ರಮೆಯ ಗುರುತು. ನಾವು ಮೂಗಿನ ಮೇಲೆ ಬೆರಳಿಡುವಂತೆ. ಮೈಸೂರಿನ ಸೈನಿಕರಿಗೆ ಮೀಸೆಯಿದೆ, ಬಿಳಿಯರ ಮುಖ ನುಣ್ಣಗಿದೆ. ಬೇಲಿಯ ಕೈಗೆ ಇನ್ನೂ ಕೋಳ ಬಿದ್ದಿಲ್ಲ. ಆದರೆ ಗೌರವದ ಪಲ್ಲಕ್ಕಿ ಆಗಲೇ ಪಂಜರದಂತೆ ಕಾಣುತ್ತದೆ. ಅರಮನೆ ಎದ್ದದ್ದು 1784ರಲ್ಲಿ. ಬೇಲಿ 1782ರಲ್ಲೇ ಸೆರೆಯಲ್ಲಿ ಸತ್ತಿದ್ದ.

ಭದ್ರಾವತಿಯವನಾದ ನನಗೆ ಇದು ದೂರದ ಕಥೆಯಲ್ಲ. ನಮ್ಮ ಜಿಲ್ಲೆಯ ನಗರದ ಕೋಟೆಯಲ್ಲಿ 1783ರಲ್ಲಿ ಟಿಪ್ಪುವಿಗೆ ಶರಣಾದ ಜನರಲ್ ಮ್ಯಾಥ್ಯೂಸ್ ಕೂಡ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಬದುಕಿದವರಲ್ಲಿ ಹಲವರಿಗೆ ಮೈಸೂರಿನ ಉಡುಪು ತೊಡಿಸಿ ಚೇಲಾ ಪಡೆಗಳಿಗೆ ಸೇರಿಸಲಾಯಿತು. ಹುಡುಗನಾಗಿದ್ದಾಗ ಸಿಕ್ಕಿಬಿದ್ದ ಜೇಮ್ಸ್ ಸ್ಕರ್ರಿ ಸುಮಾರು ಹತ್ತು ವರ್ಷಗಳ ಬಳಿಕ ತಪ್ಪಿಸಿಕೊಂಡಾಗ, ಕುರ್ಚಿಯಲ್ಲಿ ಕೂರುವುದೂ ಚಾಕು ಫೋರ್ಕ್ ಹಿಡಿಯುವುದೂ ಅವನಿಗೆ ಮರೆತುಹೋಗಿತ್ತು. ತೊಡಿಸಿದ ವೇಷ ಮೈಗೇ ಇಳಿದಿತ್ತು.

1792ರಲ್ಲಿ ಸರದಿ ಬದಲಾಯಿತು. ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಕಾರ್ನ್‌ವಾಲಿಸನ ಒತ್ತೆಯಾಳುಗಳಾದರು. ಆ ಸನ್ನಿವೇಶವನ್ನು ರಾಬರ್ಟ್ ಹೋಮ್ ಚಿತ್ರಿಸಿದ. ಬಿಳಿ ಮಸ್ಲಿನ್, ಮುತ್ತಿನ ಸರ, ಮಕ್ಕಳನ್ನು ಬರಮಾಡಿಕೊಳ್ಳುವ ಸೌಮ್ಯ ಜನರಲ್: ನೋಡಿದವರಿಗೆ ಇದು ಔತಣವೆನಿಸಬೇಕು. ಬೇಲಿಯ ಚಿತ್ರದಲ್ಲಿ ಉಡುಪು ಸೋಲನ್ನು ಸಾರಿದರೆ, ಇಲ್ಲಿ ಅದೇ ಉಡುಪು ಸೆರೆಯನ್ನು ಮುಚ್ಚುತ್ತದೆ. ನನಗೆ ಎರಡನೆಯದೇ ಹೆಚ್ಚು ಕಠೋರ.

ಇನ್ನೊಂದು ಮಾತು. ದರಿಯಾ ದೌಲತ್‌ನ ಚಿತ್ರವನ್ನು 1799ರ ನಂತರ ವೆಲ್ಲೆಸ್ಲಿ ದುರಸ್ತಿ ಮಾಡಿಸಿದ. 1855ರಲ್ಲಿ ಡಾಲ್‌ಹೌಸಿ ಮತ್ತೆ ಬರೆಸಿದ. ತಮ್ಮವರ ಸೋಲಿಗೆ ಇಂಗ್ಲಿಷರೇ ಬಣ್ಣ ಹಚ್ಚಿಸಿದರು. ಕೊನೆಗೆ ಗೆದ್ದವರಿಗೆ ಹಳೆಯ ಸೋಲು ಅಲಂಕಾರವೂ ಆಗಬಲ್ಲದು. ಹಾಗಾಗಿ ಸೆರೆಯಾಳಿನ ಚಿತ್ರ ಕಂಡಾಗಲೆಲ್ಲ ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ಬಟ್ಟೆಯನ್ನು ತೊಡಿಸಿದವರು ಯಾರು?