ದಂಡದ ರಸೀದಿ ಮತ್ತು ಮಹಾಂತರ ಜೋಳಿಗೆ

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನನ್ನು ಏನು ಮಾಡಬೇಕು? ಈ ಪ್ರಶ್ನೆ ಎತ್ತಿದಾಗಲೆಲ್ಲ ಫೋನ್ ಮಾಡಿದವರು ಕೊಡೋ ಉತ್ತರ ಒಂದೇ: "ದಂಡ ಹಾಕ್ರಿ, ಒಳಗ ಹಾಕ್ರಿ." ಸರಿ, ಹಾಕೋಣ. ದಂಡ ಕಟ್ಟಿ ಕೋರ್ಟಿನಿಂದ ಹೊರಗೆ ಬಂದ ಮೇಲೆ ಆ ಮನುಷ್ಯ ಎಲ್ಲಿಗೆ ಹೋಗ್ತಾನೆ? ಅದಕ್ಕೆ ಅಖಂಡ ವಿಜಯಪುರ ಜಿಲ್ಲೆಯಲ್ಲಿ 50 ವರ್ಷದ ಹಿಂದೆಯೇ ಒಬ್ಬ ಸ್ವಾಮಿಗಳು ಉತ್ತರ ಹುಡುಕಿದ್ದರು. ಕಾನೂನು ಇನ್ನೂ ಆ ಕಡೆ ತಿರುಗಿ ನೋಡಿಲ್ಲ.

ಮೊದಲು ಕಾನೂನಿನ ಕಥೆ. 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಕುಡಿದು ಓಡಿಸುವುದು ಅಪರಾಧ. ಆದರೆ ಎಷ್ಟು ಕುಡಿದರೆ ಅಪರಾಧ? ವಾಹನ ಹತೋಟಿಗೆ ಸಿಗದಷ್ಟು. ಅಂದರೆ ನಡಿಗೆ ತೂರಾಡಬೇಕು, ಮಾತು ತೊದಲಬೇಕು. ನಾರ್ವೆ ದೇಶ 1936ರಲ್ಲೇ ರಕ್ತದಲ್ಲಿ ಇಷ್ಟು ಮದ್ಯ ಮೀರಬಾರದು ಅಂತ ಅಂಕಿ ಬರೆದಿಟ್ಟಿತ್ತು. ನಮ್ಮಲ್ಲಿ ಅಂಕಿ ಬರಲು ದಶಕಗಳೇ ಬೇಕಾದವು.

ಇಲ್ಲೊಂದು ತಮಾಷೆ ನೋಡ್ರಿ. 1956ರವರೆಗೆ ವಿಜಯಪುರ ಮುಂಬೈ ರಾಜ್ಯದಲ್ಲಿತ್ತು. ಅಲ್ಲಿ 1949ರಲ್ಲೇ ಪಾನನಿಷೇಧ ಕಾಯ್ದೆ ಆಗಿತ್ತು. ಹಾಗಾಗಿ ಕಾಗದದ ಮೇಲೆ ನಮ್ಮ ಜಿಲ್ಲೆಯಲ್ಲಿ ಕುಡಿದ ಡ್ರೈವರ್ ಇರೋದಕ್ಕೆ ಸಾಧ್ಯವೇ ಇರಲಿಲ್ಲ! ಕಳ್ಳಭಟ್ಟಿ ಕಾಗದ ಓದುತ್ತದೆಯೇ? ಅದು ಬೇರೆ ಮಾತು. ಮುಂದೆ 1967ರಲ್ಲಿ ಮೈಸೂರು ಸರ್ಕಾರ ಪಾನನಿಷೇಧ ತೆಗೆಯಿತು. ಅಂಗಡಿಗಳು ಬಂದವು, ಸಾರಾಯಿ ಬಂತು, ಬೊಕ್ಕಸಕ್ಕೆ ದುಡ್ಡೂ ಬಂತು. ಕುಡಿತ ಬಿಡಿಸುವ ವ್ಯವಸ್ಥೆ ಮಾತ್ರ ಅದರ ಜೊತೆಗೆ ಬರಲಿಲ್ಲ.

ಬಂದಿದ್ದು 1975ರಲ್ಲಿ, ಇಳಕಲ್ಲಿನಿಂದ. ಇಳಕಲ್ ಆಗ ವಿಜಯಪುರ ಜಿಲ್ಲೆಯ ಊರು; ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದರು. ಸ್ವಾಮಿಗಳು ಜೋಳಿಗೆ ಹಿಡಿದು ಬಂದರೆ ಜೋಳ ಹಾಕೋದು, ದಕ್ಷಿಣೆ ಹಾಕೋದು ನಮ್ಮ ರೂಢಿ. ಇವರು ಕೇಳಿದ್ದು ಜೋಳ ಅಲ್ಲ. ನಿಮ್ಮ ಚಟಗಳನ್ನು ಇದರಲ್ಲಿ ಹಾಕಿಬಿಡಿ ಅಂದರು. ಕುಡಿತ, ತಂಬಾಕು, ಜೂಜು, ಏನಿದ್ದರೂ.

ಇದನ್ನು ಬರೀ ಭಕ್ತಿ ಅಂತ ತಳ್ಳಿಹಾಕೋರಿಗೆ ನಾನು ಹೇಳೋದು, ಅದರ ಒಳಗಿನ ಕೆಲಸ ನೋಡಿ. ಕೋರ್ಟಿಗೆ ಕುಡುಕ ತಾನೇ ಹೋಗಬೇಕು; ಜೋಳಿಗೆ ಅವನ ಮನೆ ಬಾಗಿಲಿಗೆ ಬಂತು. ಕೋರ್ಟಿನಲ್ಲಿ ದಂಡ ಕಟ್ಟಿದ್ದು ಹೆಂಡತಿಗೆ ಗೊತ್ತೇ ಆಗದಿರಬಹುದು. ಇಲ್ಲಿ ಅವ್ವ, ಹೆಂಡತಿ, ಮಕ್ಕಳು, ಓಣಿಯ ಜನ ಎಲ್ಲರ ಮುಂದೆ ಅಪ್ಪಗಳಿಗೆ ಮಾತು ಕೊಡಬೇಕು. ಮರುದಿನ ಅಂಗಡಿ ಕಡೆ ಕಾಲು ಹಾಕಿದರೆ ನಾಲ್ಕು ಕಣ್ಣು ನೋಡುತ್ತವೆ. ಇವತ್ತು ಮನೋವೈದ್ಯರು ಕುಟುಂಬದ ಬೆಂಬಲ, ಸಮುದಾಯದ ಬೆಂಬಲ ಅಂತ ಹೇಳೋದು ಇದನ್ನೇ ಅಲ್ಲವೇ? ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನ ಆಗಸ್ಟ್ 1ನ್ನು ಈಗ ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಜೋಳಿಗೆಗೂ ಒಂದು ಮಿತಿ ಇದೆ. ಹತ್ತಾರು ವರ್ಷ ಕುಡಿದವನು ಒಮ್ಮೆಗೇ ಬಿಟ್ಟರೆ ಕೈ ನಡುಗುತ್ತದೆ, ನಿದ್ದೆ ಬರೋದಿಲ್ಲ. ಎರಡು-ಮೂರನೇ ದಿನಕ್ಕೆ ಕೆಲವರಿಗೆ ಸನ್ನಿ ಹಿಡಿಯುತ್ತದೆ, ಫಿಟ್ಸ್ ಬರುತ್ತದೆ. ಜೀವಕ್ಕೇ ಅಪಾಯ. ಆಗ ಬೇಕಾದದ್ದು ಡಾಕ್ಟರ್. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರ ಈ ಜಾಗ ತುಂಬುತ್ತದೆ. ಎಂಟು ದಿನ ಅಲ್ಲೇ ಇರಬೇಕು. ಔಷಧಿ, ಸಲಹೆ, ವ್ಯಾಯಾಮ, ಮನೆಯವರ ಜೊತೆ ಮಾತುಕತೆ. ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೆಲ್ಲ ಸೇರುತ್ತಾರೆ.

ಈ ಕಡೆ ಕಾನೂನು ಅಳತೆಯಲ್ಲೇ ಮುಳುಗಿತ್ತು. 1988ರ ಹೊಸ ಕಾಯ್ದೆ ರಕ್ತದಲ್ಲಿ ಹನಿ ಮದ್ಯ ಇದ್ದರೂ ತಪ್ಪು ಅಂದಿತು. 1994ರ ತಿದ್ದುಪಡಿ ಬಂದು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮೀರಬಾರದು ಅಂತ ಗೆರೆ ಎಳೆಯಿತು. ಎಂಜಿನಿಯರಿಂಗ್ ಓದಿದವನಾಗಿ ನನಗೆ ಪೊಲೀಸರ ಕೈಯಲ್ಲಿರೋ ಆ ಪುಟ್ಟ ಯಂತ್ರದ ಮೇಲೆ ಪ್ರೀತಿ ಇದೆ. 1 ಮಿಲಿಲೀಟರ್ ರಕ್ತದಲ್ಲಿ ಇರುವಷ್ಟು ಮದ್ಯ ಸುಮಾರು 2,100 ಮಿಲಿಲೀಟರ್ ಉಸಿರಿನಲ್ಲಿ ಇರುತ್ತದೆ, ಆ ಲೆಕ್ಕದ ಮೇಲೆ ಅದು ನಿಂತಿದೆ. ಊದಿದರೆ ಅಂಕಿ ಬರುತ್ತದೆ. ಆದರೆ ಊದಿದವನು ಮೈದುನನ ಮದುವೆಯಲ್ಲಿ ಒಂದು ದಿನ ಕುಡಿದವನೋ, ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುವವನೋ, ಅದು ಯಂತ್ರಕ್ಕೆ ಗೊತ್ತಾಗೋದಿಲ್ಲ. ಮೊದಲನೆಯವನಿಗೆ ದಂಡದ ಬಿಸಿ ಸಾಕು. ಎರಡನೆಯವನಿಗೆ ದಂಡ ಅಂದರೆ ಮನೆಯ ರೇಷನ್ ದುಡ್ಡು, ಅಷ್ಟೇ. ಮುಂದಿನ ವಾರ ಮತ್ತೆ ಸ್ಟೇರಿಂಗ್ ಹಿಡಿದಿರುತ್ತಾನೆ.

ಈ ವ್ಯತ್ಯಾಸವನ್ನು ಅಮೆರಿಕದ ಫೀನಿಕ್ಸ್ ನಗರದ ಕೋರ್ಟು 1966ರಲ್ಲೇ ಹಿಡಿಯಲು ನೋಡಿತು. ಕುಡಿದು ಓಡಿಸಿದವರನ್ನು ತರಗತಿಗೆ ಕಳಿಸಿತು. ಮುಂದೆ ಅಲ್ಲಿನ ರಾಜ್ಯಗಳಲ್ಲಿ ಇದು ಹರಡಿತು: ಮೊದಲು ಚಟ ಎಷ್ಟು ಆಳ ಅಂತ ತಪಾಸಣೆ, ಆಮೇಲೆ ಪಾಠವೋ ಚಿಕಿತ್ಸೆಯೋ ತೀರ್ಮಾನ.

ನಮ್ಮ 2019ರ ತಿದ್ದುಪಡಿ ಏನು ಮಾಡಿತು? ದಂಡವನ್ನು 2,000ದಿಂದ 10,000 ರೂಪಾಯಿಗೆ ಏರಿಸಿತು. ಎರಡನೇ ಸಲಕ್ಕೆ 15,000. ಲೈಸೆನ್ಸ್ ಅಮಾನತು, ವಾಪಸ್ ಬೇಕಾದರೆ ಚಾಲನೆಯ ಮರು ತರಬೇತಿ. ಒಳ್ಳೆಯದೇ. ಆದರೆ ಅದು ಗಾಡಿ ಓಡಿಸೋ ಪಾಠ. ಕುಡಿದ ಡ್ರೈವರ್‌ಗೆ ಗೇರ್ ಹಾಕೋದು ಗೊತ್ತಿಲ್ಲ ಅನ್ನೋದು ಸಮಸ್ಯೆ ಅಲ್ಲವಲ್ರೀ! ಇನ್ನೊಂದು ವಿಚಿತ್ರ: 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವನಿಗೆ ಸಮುದಾಯ ಸೇವೆಯ ಶಿಕ್ಷೆ ಕೊಡಬಹುದು. ಅದೇ ಮನುಷ್ಯ ಬೈಕ್ ಹತ್ತಿದರೆ ಮೋಟಾರು ಕಾಯ್ದೆಯ 185ನೇ ಕಲಮಿನಲ್ಲಿ ಇರೋದು ದಂಡ ಮತ್ತು ಜೈಲು ಮಾತ್ರ.

ಈಗ ಟಿಕೋಟಾ, ಬಬಲೇಶ್ವರಕ್ಕೆ ಬನ್ನಿ. ಎರಡೂ 2018ರ ಹೊತ್ತಿಗೆ ಹೊಸ ತಾಲ್ಲೂಕುಗಳಾದವು. ಒಂದು ಅಥಣಿ ರಸ್ತೆಯಲ್ಲಿ, ಇನ್ನೊಂದು ಜಮಖಂಡಿ ರಸ್ತೆಯಲ್ಲಿ. ದ್ರಾಕ್ಷಿ ಕಟಾವು ಬಂದರೆ ಪಿಕಪ್, ಟಂಟಂ ತುಂಬ ಕೂಲಿಯವರು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಾತ್ರಿಯಿಡೀ ಹೊರಟ ಟ್ರ್ಯಾಕ್ಟರ್, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಆ ಸ್ಟೇರಿಂಗ್ ಹಿಡಿದವನು ಕುಡಿದಿದ್ದರೆ ಹಿಂದೆ ಕೂತ ಹೆಣ್ಣುಮಕ್ಕಳ ಗತಿ ಏನು? 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಿತು. ಆಮೇಲೆ ಸಣ್ಣ ಊರಿಗೆ 220 ಮೀಟರ್ ಅಂತಾಯಿತು, ನಗರಸಭೆ ವ್ಯಾಪ್ತಿಗೆ ವಿನಾಯಿತಿಯೂ ಸಿಕ್ಕಿತು. ಕುಡಿಯೋ ಚಟ ಇದ್ದವನಿಗೆ 500 ಮೀಟರ್ ಯಾವ ಲೆಕ್ಕ?

ನಾನು ಕೇಳ್ತಿರೋದು ದೊಡ್ಡ ಯೋಜನೆ ಅಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು ಅನ್ನೋ ವ್ಯವಸ್ಥೆ ರಾಜ್ಯದಲ್ಲಿದೆ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಶಿಬಿರ ಇದೆ, ಜೋಳಿಗೆಯ ಪರಂಪರೆ ಇದೆ. 185ನೇ ಕಲಮಿನಲ್ಲಿ ಸಿಕ್ಕಿಬಿದ್ದ ಪ್ರತಿಯೊಬ್ಬನನ್ನೂ ಲೈಸೆನ್ಸ್ ವಾಪಸ್ ಕೊಡೋ ಮೊದಲು ಒಂದು ಮಂಗಳವಾರ ಆ ಡಾಕ್ಟರ ಮುಂದೆ ಕೂರಿಸಲಿ. ಜೊತೆಗೆ ಹೆಂಡತಿಯೋ ಅವ್ವನೋ ಬರಲಿ. ಒಂದು ದಿನ ಕುಡಿದವನು ಯಾರು, ಚಟಕ್ಕೆ ಬಿದ್ದವನು ಯಾರು ಅನ್ನೋದನ್ನ ಅವರು ಹೇಳಲಿ. ಸಾರಿಗೆ ಇಲಾಖೆ, ಪೊಲೀಸ್ ಇಲಾಖೆ, ಆರೋಗ್ಯ ಇಲಾಖೆ ಮೂರೂ ಒಂದೇ ಜಿಲ್ಲಾಧಿಕಾರಿಯ ಸಭೆಯಲ್ಲಿ ಕೂರುತ್ತವೆ. ಮುಂದಿನ ರಸ್ತೆ ಸುರಕ್ಷತಾ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಇದೊಂದು ಸಾಲು ಸೇರಿಸೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.